ಮೂರನೆಯ ಗೇರು ಮತ್ತು ನನ್ನ ಬಲಗೈ

ಮನುಷ್ಯನಿಗೆ ದೇವರು ಎರಡು ಕೈ ಕೊಟ್ಟಿದ್ದಾನೆ ಎಂದು ಹೊಗಳುವವರು ಕೆಲಸದ ಹೊತ್ತನ್ನಷ್ಟೇ ಗಮನದಲ್ಲಿಟ್ಟುಕೊಂಡಿರುತ್ತಾರೆ. ಸುಮ್ಮನಿರುವ ಹೊತ್ತಿನಲ್ಲಿ ಆ ಎರಡನ್ನೂ ಎಲ್ಲಿಡಬೇಕು ಎಂಬುದನ್ನು ಯಾರೂ ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ನಂಬಿಕೆಯಾಗದಿದ್ದರೆ ನಿಮ್ಮ ಮನೆಯ ಯಾವುದಾದರೂ ಮದುವೆಯ ಆಲ್ಬಮ್ ತೆಗೆದು ಗಂಡಸರ ಸಾಲನ್ನು ನೋಡಿ: ಒಬ್ಬರು ಕೈಕಟ್ಟಿ ನಿಂತು ತಪ್ಪೊಪ್ಪಿಕೊಂಡವರ ಹಾಗೆ ಕಾಣುತ್ತಾರೆ, ಇನ್ನೊಬ್ಬರು ಬೆನ್ನ ಹಿಂದೆ ಕಟ್ಟಿ ತಪಾಸಣೆಗೆ ಬಂದವರ ಹಾಗೆ, ಮೂರನೆಯವರು ಯಾರದೋ ಮಗುವಿನ ತಲೆಯ ಮೇಲೆ ಕೈಯಿಟ್ಟು ಹೇಗೋ ಪಾರಾಗಿರುತ್ತಾರೆ. ಆ ಮೂರನೆಯವನು ಸಾಮಾನ್ಯವಾಗಿ ನಾನೇ. ಮುಂಬಯಿಯ ಲೋಕಲ್ ಟ್ರೇನು ಈ ಸಮಸ್ಯೆಯನ್ನು ಮೂವತ್ತನಾಲ್ಕು ವರ್ಷ ನನ್ನ ಪರವಾಗಿ ಬಗೆಹರಿಸಿತ್ತು. ಘಾಟ್ಕೋಪರಿನಲ್ಲಿ ಹತ್ತಿ, ದಾದರಿನಲ್ಲಿ ಬದಲಿಸಿ, ಬಾಂದ್ರಾದಲ್ಲಿ ಇಳಿಯುವವರೆಗೆ ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಜೇಬಿನ ಮೇಲೆ. ಎರಡಕ್ಕೂ ಕಾಯಂ ನೌಕರಿ. ನಾನು ನಿವೃತ್ತನಾದ ದಿನ ಅವೂ ನಿವೃತ್ತವಾದವು.

ಬಾಂದ್ರಾದ ನನ್ನ ಕಚೇರಿಯಲ್ಲಿ ನಾನು ನೀರೆತ್ತುವ ಪಂಪುಗಳಿಗೆ ಕೈಪಿಡಿ ಬರೆಯುತ್ತಿದ್ದೆ. ಯಾವ ತಿರುಪನ್ನು ಮೊದಲು ಬಿಚ್ಚಬೇಕು, ಯಾವುದಕ್ಕೆ ಎಣ್ಣೆ ಬಿಡಬೇಕು, ಯಾವುದನ್ನು ಸರ್ವಥಾ ಮುಟ್ಟಕೂಡದು ಎಂದೆಲ್ಲ ನಿರ್ದಾಕ್ಷಿಣ್ಯವಾಗಿ ಆಜ್ಞಾಪಿಸುತ್ತಿದ್ದ ನಾನು ಸ್ವತಃ ಒಂದು ಪಂಪನ್ನೂ ಬಿಚ್ಚಿದವನಲ್ಲ. ಇಲೆಕ್ಟ್ರಿಕ್ ಶಾಕ್ ಭಯವೊಂದು, ಅಂಗಿಗೆ ಗ್ರೀಸು ಮೆತ್ತೀತೆಂಬ ಶುಚಿತ್ವವೊಂದು, ಹೀಗೆ ನನ್ನ ಮತ್ತು ಯಂತ್ರಗಳ ನಡುವಿನ ಸಂಬಂಧ ಕೊನೆಯವರೆಗೂ ಪತ್ರವ್ಯವಹಾರದ ಮಟ್ಟದಲ್ಲೇ ಉಳಿಯಿತು. ಆದರೂ ನನ್ನ ಪ್ರತಿಯೊಂದು ಕೈಪಿಡಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರದ ಒಂದು ವಾಕ್ಯವಿರುತ್ತಿತ್ತು: ಬಿಚ್ಚುವಾಗ ಎಣಿಸಿ, ಜೋಡಿಸುವ ಮುನ್ನ ಮತ್ತೊಮ್ಮೆ ಎಣಿಸಿ. ಇದರ ಕರ್ತೃ ನಾನೇ ಎಂಬ ಜಂಬ ನನಗಿತ್ತು. ಈ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಅದು ನನ್ನ ಮೇಲೇ ತಿರುಗಿ ಬೀಳಲಿದೆ.

ಇಂಥವನ ಮನೆಗೆ ಒಂದು ಕಾರು ಬಂದದ್ದು ನನ್ನ ಪುರುಷಾರ್ಥದಿಂದಲ್ಲ. ನನ್ನ ಹೆಂಡತಿ ಶಾರದಾ ಆಂಟಾಪ್ ಹಿಲ್ ಕಡೆಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ಅಲ್ಲಿಯ ಹೆಡ್‌ಮಿಸ್ಟ್ರೆಸ್ ನಿವೃತ್ತರಾಗಿ ಊರಿಗೆ ಹೊರಟಾಗ ಅವರ ಕೆನೆಬಣ್ಣದ ಪದ್ಮಿನಿ ಕಾರನ್ನು ತನ್ನ ಸಂಬಳದಲ್ಲಿ ಕೊಂಡು, ಒಂದೇ ತಿಂಗಳಲ್ಲಿ ಓಡಿಸುವುದನ್ನೂ ಕಲಿತು, ಒಂದು ಬೆಳಿಗ್ಗೆ ನನ್ನನ್ನು ಸ್ಟೇಷನ್ನಿಗೆ ಬಿಟ್ಟುಬಂದಳು. ನಾನೂ ಕಲಿಯಲು ಹೋದೆನೆನ್ನಿ. ಆ ಕಾರಿನ ಮೊದಲನೆಯ ಗೇರು ಸಂಪ್ರದಾಯಸ್ಥ ಸ್ವಭಾವದ್ದು. ಗಾಡಿ ಪೂರ್ತಿ ನಿಂತ ಹೊರತು ಒಳಗೆ ಬೀಳುವುದಿಲ್ಲ, ಬಲವಂತ ಮಾಡಿದರೆ ಇಡೀ ಗಲ್ಲಿಗೆ ಕೇಳುವಂತೆ ಕಿರುಚುತ್ತದೆ. ನಾನು ಅದನ್ನು ಎಷ್ಟು ಕಿರುಚಿಸಿದೆನೆಂದರೆ, ಎಳನೀರು ಮಾರುವ ಭಯ್ಯಾ ನನ್ನನ್ನು ಕಂಡೊಡನೆ ತನ್ನ ಗಾಡಿಯನ್ನು ಮೂಲೆಗೆ ತಳ್ಳಿಕೊಳ್ಳತೊಡಗಿದ. ಮೂರನೆಯ ವಾರಕ್ಕೆ ನಾನು ಗೌರವಯುತವಾಗಿ ಎಡಗಡೆಯ ಸೀಟಿಗೆ ವರ್ಗವಾದೆ.

ಆ ಕಾರನ್ನು ನೋಡಿರದ ಕಿರಿಯರಿಗಾಗಿ ಒಂದು ಮಾತು ಹೇಳಬೇಕು. ಅದರ ಮುಂದಿನ ಸೀಟು ದಿವಾನಿನ ಹಾಗೆ ಒಂದೇ ಉದ್ದ. ಗೇರಿನ ಹಿಡಿ ನೆಲದಲ್ಲಿಲ್ಲ, ಸ್ಟಿಯರಿಂಗಿನ ಕೆಳಗೆ ಎಡಕ್ಕೆ ಚಾಚಿಕೊಂಡಿರುತ್ತದೆ. ಅಂದರೆ ಚಾಲಕರ ಎಡಗೈಗೆ ಎಷ್ಟು ಹತ್ತಿರವೋ, ಪಕ್ಕದಲ್ಲಿ ಕುಳಿತ ನಿರುದ್ಯೋಗಿಯ ಬಲಗೈಗೂ ಹೆಚ್ಚುಕಡಿಮೆ ಅಷ್ಟೇ ಹತ್ತಿರ. ನನ್ನ ಬಲಗೈ ಮೊದಲ ದಿನವೇ ಅದನ್ನು ಪತ್ತೆಮಾಡಿ ಅದರ ಮೇಲೆ ಜೋತುಬಿದ್ದಿತು. ನಾನು ಗೇರು ಬದಲಿಸುತ್ತಿರಲಿಲ್ಲ, ಸುಮ್ಮನೆ ಕೈಯಿಟ್ಟಿರುತ್ತಿದ್ದೆ; ಹೊರಗಿನಿಂದ ನೋಡುವವರಿಗೆ ಈ ವಾಹನದ ಆಡಳಿತದಲ್ಲಿ ನನಗೂ ಪಾಲಿದೆ ಎಂದು ತೋರಲಿ ಎಂಬಷ್ಟೇ ಆಸೆ. ಮೊದಮೊದಲು ಶಾರದಾ ಗೇರು ಬದಲಿಸುವ ಮುನ್ನ ನನ್ನ ಕೈಯನ್ನು ನೊಣ ಓಡಿಸಿದಂತೆ ಸರಿಸುತ್ತಿದ್ದಳು, ಆಮೇಲೆ ಅದೂ ಬೇಜಾರಾಗಿ ಬಿಟ್ಟುಬಿಟ್ಟಳು. ಇಪ್ಪತ್ತು ವರ್ಷದ ಮೇಲೆ ಮೂರನೆಯ ಗೇರು ತಾನೇ ತಾನಾಗಿ ಕಳಚಿಕೊಂಡು ನ್ಯೂಟ್ರಲ್ಲಿಗೆ ಬರುವ ಚಾಳಿ ಹಿಡಿದಾಗ, ನನ್ನ ಕೈಗೆ ಅಧಿಕೃತ ನೇಮಕಾತಿಯೇ ಆಯಿತು. ಅವಳು ಮೂರನೆಯದಕ್ಕೆ ಹಾಕುವುದು, ನಾನು ಅದು ಓಡಿಹೋಗದಂತೆ ಅದುಮಿ ಹಿಡಿಯುವುದು. ನಿಜ ಹೇಳುತ್ತೇನೆ, ನನ್ನ ದಾಂಪತ್ಯದಲ್ಲಿ ನಾನಿಲ್ಲದೆ ಕೆಲಸ ನಡೆಯದು ಎನ್ನಿಸಿದ್ದು ಆ ದಿನಗಳಲ್ಲಿ ಮಾತ್ರ.

ಎರಡು ವರ್ಷದ ಹಿಂದೆ ಒಂದು ಸಂಜೆ ಫ್ಲೈಓವರಿನ ಏರಿನಲ್ಲಿ ನನ್ನ ಫೋನು ರಿಂಗಾಯಿತು. ಯಾವುದೋ ಸಾಲ ಬೇಕೇ ಎಂದು ಕೇಳುವ ಹುಡುಗಿಯ ಕರೆ. ಅದನ್ನು ತೆಗೆದುಕೊಳ್ಳಲು ನಾನು ಕೈ ಬಿಟ್ಟೆ, ಗೇರು ಕಳಚಿತು, ಇಂಜಿನ್ನು ಬೊಬ್ಬೆಯಿಟ್ಟಿತು, ಗಾಡಿ ಹಿಂದಕ್ಕೆ ಜಾರತೊಡಗಿತು. ಶಾರದಾ ಬ್ರೇಕ್ ಹಾಕಿ ನಿಲ್ಲಿಸಿದಳು. ಹಿಂದಿನ ಬಸ್ಸಿಗೂ ನಮಗೂ ನಡುವೆ ಒಂದು ಮೊಳವೂ ಇರಲಿಲ್ಲ. ಸುತ್ತ ಹಾರ್ನುಗಳು, ಬೈಗುಳಗಳು, ಅವಳ ಮುಖದಲ್ಲಿ ಬೆವರು. ಏನಾಯಿತು ಎಂದು ಅವಳು ಕೇಳಿದಾಗ, ಫೋನನ್ನು ಮೆಲ್ಲಗೆ ಜೇಬಿಗಿಳಿಸುತ್ತ ನಾನು ಹೇಳಿದ ಮಾತು ಇದು: "ನೀನು ಸರಿಯಾಗಿ ಹಾಕಿರಲಿಲ್ಲವೇನೋ." ಆಡಿದ ಮರುಕ್ಷಣವೇ ತಪ್ಪೆಂದು ಗೊತ್ತಾಯಿತು. ಆದರೆ ನಾಲಿಗೆಗೆ ರಿವರ್ಸ್ ಗೇರಿಲ್ಲ. ನನ್ನದಕ್ಕಂತೂ ಇರಲೇ ಇಲ್ಲ.

ಅವತ್ತಿನಿಂದ ಅವಳು ಕಾರು ಮುಟ್ಟಲಿಲ್ಲ. ಕೋಪ ತೋರಿಸದೆ ಕೀಲಿಯನ್ನು ದೇವರ ಮನೆಯ ಡ್ರಾಯರಿನಲ್ಲಿಟ್ಟು ಆಟೋದಲ್ಲಿ ಓಡಾಡತೊಡಗಿದಳು. ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ಒಂದು ಹಳದಿ ರಬ್ಬರ್ ಚೆಂಡನ್ನು ಎಡಗೈಯಲ್ಲಿ ಹಿಚುಕುತ್ತ ಕೂರುವ ಅಭ್ಯಾಸವೊಂದು ಅವಳಿಗೆ ಹೊಸದಾಗಿ ಬಂದಿತ್ತು. ಟೀವಿಯಲ್ಲಿ ಯಾರೋ ಹೇಳಿದ ಆರೋಗ್ಯಸೂತ್ರವಿರಬೇಕೆಂದು ನಾನು ವಿಚಾರಿಸಲೂ ಇಲ್ಲ. ಕಾರು ಕವರು ಹೊದ್ದು ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಬೆಕ್ಕುಗಳ ಹೆರಿಗೆ ವಾರ್ಡಾಯಿತು. ಹೀಗಿರುತ್ತ ಈ ವರ್ಷ ಗಣೇಶ ಚತುರ್ಥಿ ಕಳೆದ ಮೇಲೆ ನೋಟೀಸು ಬೋರ್ಡಿನಲ್ಲಿ ಒಂದು ಕಾಗದ ಬಿತ್ತು: ಓಡದ ವಾಹನಗಳಿಗೆ ಪಾರ್ಕಿಂಗ್ ಇಲ್ಲ, ದಸರಾ ಕಳೆದ ಮೊದಲ ಭಾನುವಾರದೊಳಗೆ ತನ್ನ ಸ್ವಂತ ಬಲದಿಂದ ಗೇಟು ದಾಟಿ ತೋರಿಸದ ಗಾಡಿಯನ್ನು ಗುಜರಿಗೆ ಕಳಿಸಲಾಗುವುದು. ಕೆಳಗೆ ಸೆಕ್ರೆಟರಿ ಜಿಗ್ನೇಶ್‌ಭಾಯಿಯ ಸಹಿ. ಓಡದ ವಾಹನ ಸೊಸೈಟಿಯಲ್ಲಿ ಒಂದೇ ಇತ್ತು. ಶಾರದಾ ಅದನ್ನು ಓದಿ ಬಂದು, "ಹೋದ್ರೆ ಹೋಗ್ಲಿ ಬಿಡಿ. ನನ್ನ ಕೈಗೆ ಇನ್ನು ಅದು ಬಗ್ಗಲ್ಲ," ಎಂದು ಸೊಪ್ಪು ಬಿಡಿಸಲು ಕುಳಿತಳು. ಆ ದನಿ ಕೇಳಿದ್ದೇ ಗೇರ್‌ಬಾಕ್ಸನ್ನು ರಿಪೇರಿ ಮಾಡಿಸಿಯೇ ಸೈ ಎಂದು ನಾನು ಘೋಷಿಸಿಬಿಟ್ಟೆ. ರಿಪೇರಿ ಎಂದರೆ ಅಲ್ಲಿ ಇಲ್ಲಿ ತೇಪೆಯಲ್ಲ, ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದು ಎಂದೂ ಸೇರಿಸಿದೆ. ಕೈಪಿಡಿಯ ಭಾಷೆ ನನಗೆ ಸುಲಭವಾಗಿ ಬರುತ್ತದೆ.

ಅದಕ್ಕೆ ಸಿಕ್ಕವರು ಸಂಗಪ್ಪ. ವಿಜಯಪುರ ಕಡೆಯವರು, ಆಂಟಾಪ್ ಹಿಲ್ಲಿನಲ್ಲಿ ಐವತ್ತು ವರ್ಷದ ವಾಸ, ಕಾಲೀ ಪೀಲೀ ಎನ್ನುವ ಕಪ್ಪು-ಹಳದಿ ಟ್ಯಾಕ್ಸಿಗಳ ಗೇರ್‌ಬಾಕ್ಸು ಬಿಚ್ಚಿ ಕಟ್ಟುವುದರಲ್ಲೇ ಆಯುಷ್ಯ ಸವೆಸಿದವರು. ಅವರ ಮಗಳು ಶಾರದೆಯ ಶಿಷ್ಯೆ. ಹಾಗಾಗಿ ಸಂಗಪ್ಪನವರಿಗೆ ಶಾರದಾ ಇಂದಿಗೂ ಟೀಚರಮ್ಮ ಎಂಬರ್ಥದ "ಅಕ್ಕಾರು". ಹಳೆಯ ಟ್ಯಾಕ್ಸಿಗಳು ರಸ್ತೆಯಿಂದ ಮರೆಯಾದ ಮೇಲೆ ಪಾನೆ ಎಂಬ ತಮ್ಮ ಸ್ಪ್ಯಾನರುಗಳನ್ನು ಎತ್ತಿಟ್ಟು ಮೊಮ್ಮಕ್ಕಳನ್ನು ಆಡಿಸುತ್ತಿದ್ದವರು, ಅಕ್ಕಾರ ಗಾಡಿ ಎಂದು ಕೇಳಿದೊಡನೆ ಬಂದರು. ಆದರೆ ಪಾರ್ಕಿಂಗಿನಲ್ಲಿ ರಿಪೇರಿ ಕೂಡದೆಂಬ ಇನ್ನೊಂದು ನಿಯಮ ನಮ್ಮ ಸೊಸೈಟಿಯಲ್ಲಿದೆ. ಸೆಕ್ರೆಟರಿ ಊರಲ್ಲಿಲ್ಲದ ಒಂದು ಭಾನುವಾರ ನೋಡಿ, ವಾಚ್‌ಮನ್ನನ್ನು ಚಹಾಕ್ಕೆ ಕಳಿಸಿ, ಆ ಕಬ್ಬಿಣದ ಪೆಟ್ಟಿಗೆಯನ್ನು ಕಾರಿನ ಹೊಟ್ಟೆಯಿಂದ ಇಳಿಸಿ, ಗೋಣಿಯಲ್ಲಿ ಸುತ್ತಿ, ಲಿಫ್ಟಿನಲ್ಲಿ ಎರಡನೆಯ ಮಹಡಿಯ ನಮ್ಮ ಹಾಲಿಗೆ ತಂದೆವು. ಲಿಫ್ಟಿನಲ್ಲಿ ಸಿಕ್ಕ ಮೂರನೆಯ ಮಹಡಿಯ ಹೆಂಗಸು ಏನದು ಎಂದಾಗ ನಾನು ಹಲಸಿನ ಹಣ್ಣು ಎಂದೆ. ಗೇರ್ ಆಯಿಲ್ ವಾಸನೆಯ ಹಲಸಿನ ಹಣ್ಣನ್ನು ಆಕೆ ಅಲ್ಲಿಯವರೆಗೆ ಕಂಡಿರಲಿಕ್ಕಿಲ್ಲ.

ಸಂಗಪ್ಪನವರ ಕೆಲಸದ ರೀತಿಯೇ ಬೇರೆ. ಹಾಸಿಗೆಯ ಹಳೆಯ ಚಾದರವೊಂದನ್ನು ನೆಲಕ್ಕೆ ಹಾಸಿಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತ ಹೋದರು. ಕಾಗದವಿಲ್ಲ, ಪೆನ್ನಿಲ್ಲ. ಹಲ್ಲುಚಕ್ರ, ಹಿತ್ತಾಳೆಯ ಉಂಗುರ, ಬೇರಿಂಗು, ಕವಲುಕೋಲಿನಂಥ ಫೋರ್ಕು ಎಂದು ಸಾಲು ಬೆಳೆಯಿತು. ಕೊನೆಗೆ ಮೂರು ಸಣ್ಣ ಸ್ಪ್ರಿಂಗು, ಮೂರು ಉಕ್ಕಿನ ಗುಂಡು. ಒಂದೊಂದು ಗುಂಡೂ ಹುರಿಗಡಲೆಯಷ್ಟು. ಗೇರು ತನ್ನ ಸ್ಥಾನದಲ್ಲಿ ನಿಲ್ಲುವುದು ಈ ಗುಂಡುಗಳಿಂದ, ಸ್ಪ್ರಿಂಗು ತಳ್ಳಿದಾಗ ಗುಂಡು ಕಂಬಿಯ ಕುಳಿಯಲ್ಲಿ ಕೂರುತ್ತದೆ, ಅಷ್ಟೇ ಬೀಗ ಎಂದು ವಿವರಿಸಿದರು. ನಾನು ಸುಮ್ಮನಿರಲಾರದೆ ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಕನ್ನಡ ಅಂಕಿಗಳಲ್ಲಿ ನಂಬರು ಬರೆದು, ನಾಲ್ಕು ದಿಕ್ಕಿನಿಂದ ಫೋಟೊ ತೆಗೆದುಕೊಂಡೆ. ಸಂಗಪ್ಪ ನನ್ನನ್ನು ತಡೆಯಲಿಲ್ಲ. ಮೊಮ್ಮಕ್ಕಳೊಡನೆ ಪಳಗಿದವರಲ್ಲವೇ.

ಫೋರ್ಕನ್ನು ಕೈಗೆತ್ತಿಕೊಂಡಾಗ ಮಾತ್ರ ಅವರು ಬಹಳ ಹೊತ್ತು ನೋಡಿದರು. ಅದರ ಒಂದು ಮಗ್ಗುಲು ಬ್ಲೇಡಿನಂತೆ ತೆಳ್ಳಗಾಗಿತ್ತು. ಶಾರದಾ ತರಕಾರಿಗೆ ಹೋಗಿದ್ದಳು.

"ಸಾಹೇಬ್ರ, ಇದು ವಯಸ್ಸಿಗೆ ಸವದದ್ದಲ್ರಿ," ಎಂದರು. "ಯಾರೋ ದಿನಾ ಗೇರ್ ಲಿವರಿಗೆ ಕೈ ಜೋತ ಬಿಟ್ಟು ಕುಂತಾರ. ಓಡಸಾವ್ರ ಕೈ ಹಿಂಗ ಒಂದ ಕಡೆ ಒತ್ತೂದಿಲ್ಲ."

ಹೇಳುತ್ತ ಹೇಳುತ್ತ ಅವರ ದೃಷ್ಟಿ ನನ್ನ ಬಲಗೈ ಮೇಲೆ ಬಂದು ನಿಂತಿತು. ಅದು ಆ ಹೊತ್ತಿಗೆ ಕುರ್ಚಿಯ ಹಿಡಿಗೆ ಜೋತುಬಿದ್ದಿತ್ತು. ಮೂರನೆಯ ಗೇರು ಜಾರುತ್ತದೆಂದು ನಾನು ಹಿಡಿದದ್ದಲ್ಲ, ನಾನು ಹಿಡಿದದ್ದರಿಂದ ಅದು ಜಾರತೊಡಗಿದ್ದು! ಆಧಾರಸ್ತಂಭವೆಂದು ಬೀಗಿದವನು ಇಪ್ಪತ್ತು ವರ್ಷ ಗೆದ್ದಲಾಗಿದ್ದೆ. ಈ ವಿಷಯ ಶಾರದೆಗೆ ತಿಳಿಯದಿದ್ದರೆ ಒಳ್ಳೆಯದು ಎಂದು ನಾನು ತಗ್ಗಿದ ದನಿಯಲ್ಲಿ ಕೇಳಿಕೊಂಡೆ. ನಾಚಿಕೆಗೇಡು, ಆದರೆ ಕೇಳಿಕೊಂಡೆ.

"ನಾ ಗೇರ್‌ಬಾಕ್ಸ್ ರಿಪೇರಿ ಮಾಡಾಂವ್ರಿ," ಎಂದರು ಸಂಗಪ್ಪ. "ಉಳಿದದ್ದು ನೀವ ನೋಡ್ಕೋರಿ."

ಸೋಮವಾರ ಇಬ್ಬರೂ ಕುರ್ಲಾದ ಗುಜರಿ ಅಂಗಡಿಗಳಲ್ಲಿ ಅಲೆದು, ಮೃತ ಟ್ಯಾಕ್ಸಿಯೊಂದರ ಹೊಟ್ಟೆಯಿಂದ ಸವೆಯದ ಫೋರ್ಕನ್ನೂ ಉಂಗುರಗಳನ್ನೂ ಸಂಪಾದಿಸಿದೆವು. ಈ ಊರಿನಲ್ಲಿ ಗುಜರಿಗೆ ಭಂಗಾರ ಎನ್ನುತ್ತಾರೆ. ನಮ್ಮ ಬಂಗಾರಕ್ಕೂ ಅದಕ್ಕೂ ಉಸಿರಿನಷ್ಟೇ ಅಂತರ. ಬುಧವಾರ ಆಯುಧಪೂಜೆ, ಗುರುವಾರ ದಶಮಿ. ಹಬ್ಬದಲ್ಲಿ ಪಾನೆ ಮುಟ್ಟುವುದಿಲ್ಲ, ಶುಕ್ರವಾರ ಜೋಡಿಸುವುದು, ಅಲ್ಲಿಯವರೆಗೆ ಚಾದರದ ಮೇಲಿನದನ್ನು ಯಾರೂ ಕದಲಿಸಕೂಡದು ಎಂದು ತಾಕೀತು ಮಾಡಿ ಸಂಗಪ್ಪ ಹೋದರು.

ಮೈಸೂರು ಕಡೆಯವನ ರಕ್ತದಲ್ಲಿ ಆಯುಧಪೂಜೆ ಎಂಬುದೊಂದು ಇರುತ್ತದೆ. ವರ್ಷವಿಡೀ ಸುತ್ತಿಗೆ ಮುಟ್ಟದವನು ಅವತ್ತು ಸುತ್ತಿಗೆಗೆ ಹೂವು ಮುಡಿಸದೆ ಊಟ ಮಾಡಲಾರ. ನಾನಂತೂ ಪ್ರತಿ ವರ್ಷ ಒಂದು ಇಕ್ಕಳ, ಒಂದು ಸ್ಕ್ರೂಡ್ರೈವರು, ಶಾರದೆಯ ಈಳಿಗೆಮಣೆ, ಇಷ್ಟಕ್ಕೆ ಪೂಜೆ ಮಾಡಿ ಸಂಕೋಚಪಡುತ್ತಿದ್ದವನು. ಈ ಸಲ ಹಾಲಿನಲ್ಲೇ ಅರವತ್ತಮೂರು ಬಿಡಿಭಾಗಗಳ ಸಾಕ್ಷಾತ್ ಯಂತ್ರವೊಂದು ಹರಡಿಕೊಂಡಿರುವಾಗ ಅದನ್ನು ಹಾಗೇ ಬಿಡುವುದುಂಟೇ? ಕ್ರಮ ತಪ್ಪುವ ಭಯವಿರಲಿಲ್ಲ, ಚೀಟಿಗಳಿದ್ದವು, ಫೋಟೊಗಳಿದ್ದವು. ಎಲ್ಲವನ್ನೂ ಒರೆಸಿ, ಬೊಂಬೆ ಕೂರಿಸಿದ್ದ ಹಲಗೆಯ ಕೆಳಗಿನ ಮೆಟ್ಟಿಲಲ್ಲಿ ಗಾತ್ರಾನುಸಾರ ಜೋಡಿಸಿ, ಚಕ್ರಗಳಿಗೆ ಚೆಂಡುಹೂವು ಮುಡಿಸಿ, ಮೂರು ಗುಂಡುಗಳಿಗೂ ನಮ್ಮಮ್ಮ ಮಾಡುತ್ತಿದ್ದಂತೆ ಗಟ್ಟಿಯಾಗಿ ಅರಿಶಿನ ಬಳಿದು ತಟ್ಟೆಯ ಅಂಚಿನಲ್ಲಿಟ್ಟೆ. ಪಕ್ಕದಲ್ಲಿ ದೊಡ್ಡ ಬೋಗುಣಿಯ ತುಂಬ ಕಡಲೆಪುರಿ. ಕೊಬ್ಬರಿ, ಬೆಲ್ಲ, ಹುರಿಗಡಲೆ ಬೆರೆಸಿದ್ದು. ಮಂಗಳಾರತಿ ಎತ್ತಿದೆ. ತೋಳು ತಟ್ಟೆಗೆ ತಾಕಿದಂತಾಯಿತು, ಗಮನಿಸಲಿಲ್ಲ. ಆಮೇಲೆ ಕಡಲೆಪುರಿಯನ್ನು ಪೊಟ್ಟಣ ಕಟ್ಟಿ ಬಿಲ್ಡಿಂಗಿನ ಹದಿನೆಂಟು ಮನೆಗಳಿಗೂ ನಾನೇ ಹಂಚಿ ಬಂದೆ.

ಮರುದಿನ ಬೆಳಿಗ್ಗೆ ಅವನ್ನು ಚಾದರಕ್ಕೆ ಮರಳಿಸುವಾಗ ಗುಂಡುಗಳು ಎರಡೇ ಇದ್ದವು. ಹಲಗೆಯ ಕೆಳಗೆ, ದಿವಾನಿನ ಕೆಳಗೆ, ಬೊಂಬೆಗಳ ಸೀರೆಯ ಮಡಿಕೆಯಲ್ಲಿ, ಎಲ್ಲೂ ಇಲ್ಲ. ನಮ್ಮ ಪಾಲಿನ ಪೊಟ್ಟಣವನ್ನು ಮೊರಕ್ಕೆ ಸುರಿದು ಕೇರಿ ನೋಡಿದೆವು, ಅದರಲ್ಲೂ ಇಲ್ಲ. ಅರಿಶಿನ ಬಳಿದ ಉಕ್ಕಿನ ಗುಂಡಿಗೂ ಹುರಿಗಡಲೆಗೂ ಹಲ್ಲಿನ ಹೊರತು ಬೇರೆ ಯಾರೂ ವ್ಯತ್ಯಾಸ ಕಂಡುಹಿಡಿಯಲಾರರು ಎಂಬುದು ಆಗ ಹೊಳೆಯಿತು. ಒಂದು ಕಡೆ ಭಾನುವಾರದ ಗಡುವು, ಇನ್ನೊಂದು ಕಡೆ ಹದಿನೆಂಟು ಮನೆಗಳ ದಂತಪಂಕ್ತಿ. ಬಿಚ್ಚುವಾಗ ಎಣಿಸಿದ್ದೆ, ಪೂಜೆಯಾದ ಮೇಲೆ ಎಣಿಸಬೇಕೆಂದು ಯಾವ ಕೈಪಿಡಿಯಲ್ಲೂ ಬರೆದಿರಲಿಲ್ಲ.

ಆ ಬೆಳಿಗ್ಗೆ ನಾನು ಹದಿನೆಂಟು ಬಾಗಿಲು ತಟ್ಟಿದೆ. ನಿನ್ನೆ ನಾನು ಕೊಟ್ಟ ಪ್ರಸಾದದಲ್ಲಿ ಗೇರ್‌ಬಾಕ್ಸಿನ ಗುಂಡೊಂದಿರಬಹುದು, ತಿಂದಿದ್ದೀರಾ ಎಂಬುದನ್ನು ಹಿಂದಿಯಲ್ಲಿ ಸಭ್ಯವಾಗಿ ಕೇಳುವುದು ಹೇಗೆಂದು ನೀವೂ ಒಮ್ಮೆ ಪ್ರಯತ್ನಿಸಿ ನೋಡಿ. ಈ ಯಾತ್ರೆಯಲ್ಲಿ ನನಗಾದ ಮೊದಲ ಜ್ಞಾನೋದಯವೆಂದರೆ, ನಾನು ಇಷ್ಟು ವರ್ಷ ಭಕ್ತಿಯಿಂದ ಹಂಚಿದ ಪ್ರಸಾದವನ್ನು ಅರ್ಧ ಬಿಲ್ಡಿಂಗು ತಿನ್ನುವುದೇ ಇಲ್ಲ. ಪೊಟ್ಟಣಗಳು ಟೀವಿಯ ಹಿಂದಿನಿಂದ, ಫ್ರಿಜ್ಜಿನ ತಲೆಯ ಮೇಲಿಂದ, ಒಂದು ಮನೆಯಲ್ಲಿ ಚಪ್ಪಲಿ ಕಪಾಟಿನಿಂದ ಹೊರಬಂದವು. ನಾನೂ ಆಯಾ ಮನೆಯವರೂ ಪರಸ್ಪರರ ಮುಖ ನೋಡದೆ ಅವನ್ನು ಬಿಚ್ಚಿ ಹುಡುಕಿದೆವು. ಹಲಸಿನ ಹಣ್ಣಿನ ಹೆಂಗಸು ಎಲ್ಲ ಕೇಳಿ, ಹಣ್ಣಿನ ಬೀಜವೇ ಕಳೆದಿರಬೇಕು ಎಂದು ಬಾಗಿಲು ಹಾಕಿಕೊಂಡರು. ಕೊನೆಯ ಬಾಗಿಲು ಜಿಗ್ನೇಶ್‌ಭಾಯಿಯದು. ಗೇರ್‌ಬಾಕ್ಸ್ ಮನೆಯೊಳಗಿದೆ ಎಂದು ಅವರ ಮುಂದೆಯೇ ಒಪ್ಪಿಕೊಳ್ಳಬೇಕಾಯಿತು. ಅವರು ಎರಡು ನಿಮಿಷ ಹುಬ್ಬು ಗಂಟಿಕ್ಕಿ, ಮೂರನೆಯ ನಿಮಿಷ ಹೊಟ್ಟೆ ಹಿಡಿದು ನಕ್ಕು, ತಮ್ಮ ಪೊಟ್ಟಣವನ್ನು ಅಮ್ಮನೇ ತಿಂದರು, ಏನೂ ಸಿಕ್ಕಲಿಲ್ಲವಂತೆ ಎಂದರು. ಒಳಗೆ ಆ ಮುದುಕಿ, ಗುಜರಾತಿಯಲ್ಲಿ ಅಮ್ಮನನ್ನು ಕರೆಯುವಂತೆ ಎಲ್ಲರೂ ‘ಬಾ’ ಎಂದು ಕರೆಯುವವರು, ಮಣಿ ಎಣಿಸುತ್ತ ಕುಳಿತಿದ್ದರು, ತಲೆಯೆತ್ತಲಿಲ್ಲ. ನಕ್ಕ ಉಪಕಾರಕ್ಕೋ ಏನೋ, ಗೇರ್‌ಬಾಕ್ಸ್ ಕೂರಿಸಲು ಶನಿವಾರ ಬೆಳಿಗ್ಗೆ ಎರಡು ಗಂಟೆ ಪಾರ್ಕಿಂಗಿನಲ್ಲಿ ಅನುಮತಿ ಸಿಕ್ಕಿತು. ಭಾನುವಾರದ ಗಡುವು ಮಾತ್ರ ಗಡುವೇ ಎಂದರು. ಗುಂಡು ಸಿಗದೆ ಅನುಮತಿಯೊಂದನ್ನೇ ಹಿಡಿದು ನಾನು ಮೆಟ್ಟಿಲಿಳಿದೆ.

ಸಂಜೆ ಸಂಗಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬನ್ನಿ ಎಲೆ ಹಿಡಿದು ಬಂದರು. "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ," ಎಂದು ಇಬ್ಬರ ಕೈಗೂ ಎಲೆಯಿಟ್ಟು ಕುಳಿತವರಿಗೆ ನಾನು ತಲೆ ತಗ್ಗಿಸಿ ಎಲ್ಲ ವರದಿ ಒಪ್ಪಿಸಿದೆ. ಅವರು ಕೇಳಿ ಮುಗಿಸಿ, ಜೇಬಿನಿಂದ ಕೆಮ್ಮಿನ ಮಾತ್ರೆಯ ಹಳೆಯ ಡಬ್ಬಿಯೊಂದನ್ನು ತೆಗೆದು ಮುಚ್ಚಳ ತೆರೆದರು. ಒಳಗೆ ಅದೇ ಅಳತೆಯ ಗುಂಡುಗಳು, ಏನಿಲ್ಲವೆಂದರೂ ಐವತ್ತು.

"ಮನಿ ಮನಿ ತಿರಗ್ಯಾಡೂಕಿಂತ ನನಗ ಒಂದ ಫೋನ್ ಮಾಡಬಾರದೇನ್ರಿ?"

ಶಾರದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಎರಡು ವರ್ಷದಲ್ಲಿ ಕಾರಿನ ವಿಷಯ ಬಂದಾಗ ಅವಳು ನಕ್ಕದ್ದು ಅದೇ ಮೊದಲು. ಹದಿನೆಂಟು ಬಾಗಿಲಿನ ಅವಮಾನ ನನಗೆ ಒಮ್ಮೆಲೇ ಹಗುರವಾಯಿತು.

ಶುಕ್ರವಾರ ಸಂಗಪ್ಪ ಕಟ್ಟಲು ಕುಳಿತರು. ನನ್ನ ಚೀಟಿಗಳನ್ನೆಲ್ಲ ಕಿತ್ತು ಒಂದು ಬದಿಗೆ ಗುಡ್ಡೆ ಹಾಕಿದರು, ಫೋಟೊಗಳನ್ನು ನೋಡಲೇ ಇಲ್ಲ. ಒಂದು ಬೇರಿಂಗಿನಲ್ಲಿ ಸಿಕ್ಕ ಚೆಂಡುಹೂವಿನ ಎಸಳನ್ನು ಮಾತ್ರ ಚಿಮುಟದಿಂದ ಹಿಡಿದೆತ್ತಿ, ನನಗೆ ತೋರಿಸಿ, ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅರವತ್ತಮೂರ ಒಡ್ಡೋಲಗ ಮುಗಿದು ಒಂದೇ ಪೆಟ್ಟಿಗೆಯಾಯಿತು. ಆಮೇಲೆ ಶಾರದೆಯನ್ನು ಕರೆದು, ಸ್ಕ್ರೂಡ್ರೈವರಿನಿಂದ ಒಳಗಿನ ಕಂಬಿಯನ್ನು ತಳ್ಳಿಸಿದರು. ಟಕ್ ಎಂದಿತು. ಅವಳು ಹಿಂದಕ್ಕೆಳೆದಳು, ಮುಂದಕ್ಕೆ ತಳ್ಳಿದಳು, ಮತ್ತೆ ಟಕ್.

"ಕೇಳಿದ್ರೇನ್ರಿ ಅಕ್ಕಾರ, ಗುಂಡು ಕುಂತದ್ದು," ಎಂದರು ಸಂಗಪ್ಪ. "ಇನ್ನ ಯಾರೂ ಹಿಡೀಬೇಕಾಗಿಲ್ಲ."

ಶಾರದಾ ಸ್ಕ್ರೂಡ್ರೈವರನ್ನು ಕೆಳಗಿಟ್ಟು ತನ್ನ ಎಡಗೈಯನ್ನು ಮಗುಚಿ ನೋಡಿಕೊಂಡಳು. ಇದು ಸರಿಹೋಯಿತು ಸಂಗಪ್ಪ, ನನ್ನ ಕೈ ಸರಿಯಿಲ್ಲವಲ್ಲ, ನಾಡಿದ್ದು ನೀವೇ ಓಡಿಸಿ ಗೇಟು ದಾಟಿಸಿಬಿಡಿ, ಯಾರಾದರೂ ಕೇಳಿದರೆ ಕೊಟ್ಟುಬಿಡೋಣ ಎಂದಳು. ಸಂಗಪ್ಪ ನನ್ನ ಕಡೆ ನೋಡಲಿಲ್ಲ, ಹಳೆಯ ಫೋರ್ಕನ್ನು ಚಿಂದಿಬಟ್ಟೆಯಲ್ಲಿ ಒರೆಸುತ್ತ ಕುಳಿತರು. ಅವರು ನೋಡಿದ್ದರೆ ನಾನು ಬಹುಶಃ ಬೇರೇನಾದರೂ ಮಾತು ತೆಗೆಯುತ್ತಿದ್ದೆ.

"ನಿನ್ನ ಕೈ ಸರಿಯಾಗೇ ಇದೆ ಶಾರದಾ," ಎಂದೆ. "ಅವತ್ತು ಫೋನಿಗೆ ಅಂತ ಕೈ ಬಿಟ್ಟವನು ನಾನು. ಇಷ್ಟು ವರ್ಷ ಜೋತುಬಿದ್ದು ಆ ಗೇರನ್ನ ಸವೆಸಿದ್ದೂ ನಾನೇ. ನೀನು ಸರಿಯಾಗೇ ಹಾಕಿದ್ದೆ."

ಅವಳು ಫೋರ್ಕನ್ನು ತೆಗೆದುಕೊಂಡು ಅದರ ತೆಳು ಮಗ್ಗುಲಿನ ಮೇಲೆ ಬೆರಳಾಡಿಸಿದಳು.

"ನರದ ಡಾಕ್ಟ್ರ ಹತ್ರ ಹೋಗಿದ್ದೆ ರೀ," ಎಂದಳು. "ನಿಮಗೆ ಗಾಬರಿಯಾಗುತ್ತೆ ಅಂತ ಹೇಳಲಿಲ್ಲ. ಕೈಯಲ್ಲಿ ಏನೂ ಇಲ್ಲ, ಬೇಕಾದ್ರೆ ಚೆಂಡು ಹಿಚುಕಿ ಅಂದ್ರು. ಎರಡು ವರ್ಷದಿಂದ ಹಿಚುಕ್ತಾ ಇದೀನಿ."

ಅಷ್ಟು ಹೇಳಿ ಒಳಗೆ ಹೋದಳು. ನಾನು ಅರವತ್ತೇಳು ವರ್ಷದ ಬದುಕಿನಲ್ಲಿ ಬೇಕಾದಷ್ಟು ಸಲ ಪೆದ್ದನಾಗಿದ್ದೇನೆ, ಅದನ್ನು ಬರೆದು ನಿಮ್ಮನ್ನು ನಗಿಸಿಯೂ ಇದ್ದೇನೆ. ಆದರೆ ಅವತ್ತಿನಷ್ಟು ನನ್ನ ಬಗ್ಗೆ ನನಗೇ ಹೇಸಿಗೆಯಾದದ್ದಿಲ್ಲ. ದಿನಾ ಬೆಳಿಗ್ಗೆ ಎದುರಿಗೇ ಕುಳಿತು ಕಾಫಿ ಕುಡಿದಿದ್ದೆ, ಆ ಹಳದಿ ಚೆಂಡನ್ನು ನೋಡಿದ್ದೆ, ಅದೇಕೆ ಎಂದು ಒಂದು ಮಾತು ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಸಂಗಪ್ಪನವರಿಗೆ ಕಾಫಿ ತಂದಳು. ನನಗೆ ತರಲಿಲ್ಲ. ಸಂಗಪ್ಪ ತಮ್ಮದರಲ್ಲಿ ಅರ್ಧವನ್ನು ಲೋಟದ ಕೆಳಗಿನ ಬಸಿಗೆ ಸುರಿದು ನನ್ನ ಕಡೆ ಸರಿಸಿದರು.

ಶನಿವಾರ ಅನುಮತಿಯ ಎರಡು ಗಂಟೆಯಲ್ಲಿ ಪೆಟ್ಟಿಗೆ ಕಾರಿನ ಹೊಟ್ಟೆಗೆ ಮರಳಿತು. ಆ ದಿನವೆಲ್ಲ ಶಾರದಾ ಕಾರಿನ ಹತ್ತಿರ ಸುಳಿಯಲಿಲ್ಲ. ನಾಳೆ ಓಡಿಸುವವರು ಯಾರೆಂದು ಕೇಳುವ ಧೈರ್ಯ ನನಗಿರಲಿಲ್ಲ. ಭಾನುವಾರ ಬೆಳಿಗ್ಗೆ ನನ್ನ ಪ್ರಸಾದಯಾತ್ರೆಯ ಕೃಪೆಯಿಂದ ಹದಿನೆಂಟು ಮನೆಯವರೂ ಕೆಳಗೆ ನೆರೆದಿದ್ದರು. ಸಂಗಪ್ಪ ಚಾಲಕರ ಬಾಗಿಲು ತೆರೆದು ಹಿಡಿದು, ಒಳಗೆ ಕೂರದೆ, ಮೆಟ್ಟಿಲ ಕಡೆ ನೋಡುತ್ತ ನಿಂತರು. ಐದು ನಿಮಿಷವಾಯಿತು. ಜಿಗ್ನೇಶ್‌ಭಾಯಿ ಗಡಿಯಾರ ನೋಡಿಕೊಂಡರು. ಆಗ ದೇವರ ಮನೆಯ ಡ್ರಾಯರಿನ ಕೀಲಿ ಹಿಡಿದು ಶಾರದಾ ಇಳಿದು ಬಂದಳು. ಸೀರೆಯ ನೆರಿಗೆ ಎತ್ತಿ ಕುಳಿತಳು, ಕ್ಲಚ್ ಒತ್ತಿದಳು. ಮೊದಲನೆಯ ಗೇರು ಕಿರುಚದೆ ಬಿತ್ತು. ಪಕ್ಕದ ಬಾಗಿಲು ಇನ್ನೂ ಮುಚ್ಚಿತ್ತು. ನಾನು ಮದುವೆಯ ಫೋಟೊದ ಗಂಡಸಿನಂತೆ ಎರಡು ಕೈಗೂ ಜಾಗ ಸಾಲದೆ ನಿಂತಿದ್ದಾಗ, ಅವಳು ಬಾಗಿ ಒಳಗಿನಿಂದ ಅದರ ಚಿಲಕ ತೆಗೆದಳು.

ಗೇಟಿನ ಹತ್ತಿರ ಜಿಗ್ನೇಶ್‌ಭಾಯಿಯ ತಾಯಿ ಬಾ ಕೈಯೆತ್ತಿ ಕಾರು ನಿಲ್ಲಿಸಿದರು. ಬಾನೆಟ್ಟಿಗೆ ಕುಂಕುಮವಿಟ್ಟು, ಕೈಮುಗಿದು, ಮಗನಿಗೆ ಗುಜರಾತಿಯಲ್ಲಿ ಏನೋ ದೀರ್ಘವಾಗಿ ಹೇಳಿದರು. ಜಿಗ್ನೇಶ್‌ಭಾಯಿ ಕೆಂಪಗಾಗಿ ನಮಗೆ ಅನುವಾದಿಸಿದರು: ಗುಂಡು ಬಾ ಅವರ ಪೊಟ್ಟಣದಲ್ಲೇ ಬಂದಿತ್ತು. ಹಲ್ಲಿಲ್ಲದ್ದರಿಂದ ಕುಟ್ಟಿ ತಿನ್ನಲು ಹೋಗಿ ಪತ್ತೆಮಾಡಿದರು. ಪ್ರಸಾದದಲ್ಲಿ ಅರಿಶಿನ ಹಚ್ಚಿಕೊಂಡು ಮನೆಗೆ ಬಂದ ದೇವರನ್ನು ಕೇಳಿದೊಡನೆ ಹಿಂದಿರುಗಿಸುವುದು ಹೇಗೆಂದು, ಏನೂ ಸಿಕ್ಕಿಲ್ಲ ಎಂದುಬಿಟ್ಟಿದ್ದರು, ಈಗಲೂ ಕೊಡುವುದಿಲ್ಲವಂತೆ. ತಾಯಿಯ ದೇವರು ಇಳಿದು ಬಂದ ಗಾಡಿಯನ್ನು ಗುಜರಿಗೆ ಕಳಿಸುವ ಮಗ ಘಾಟ್ಕೋಪರಿನಲ್ಲಿ ಇನ್ನೂ ಹುಟ್ಟಿಲ್ಲ. ನೋಟೀಸು ಅವತ್ತೇ ಬೋರ್ಡಿನಿಂದ ಇಳಿಯಿತು.

ಶಾರದಾ ನೇರವಾಗಿ ಅದೇ ಫ್ಲೈಓವರಿನತ್ತ ನಡೆಸಿದಳು. ಏರು ಶುರುವಾಯಿತು. ಅವಳು ಮೂರನೆಯ ಗೇರಿಗೆ ಹಾಕಿದಳು, ಟಕ್ ಎಂದಿತು, ಇಪ್ಪತ್ತು ವರ್ಷದ ರೂಢಿಯಲ್ಲಿ ನನ್ನ ಬಲಗೈ ತಾನಾಗಿಯೇ ಎದ್ದು ಹಿಡಿಯತ್ತ ಹೊರಟಿತು. ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಎಡಗೈಯಿಂದ ಸೀಟಿನ ಮೇಲಿದ್ದ ಚೀಲದೊಳಗೆ ತಡಕಿ, ಆ ಹಳದಿ ರಬ್ಬರ್ ಚೆಂಡನ್ನು ತೆಗೆದು, ಅರ್ಧದಾರಿಯಲ್ಲಿದ್ದ ನನ್ನ ಅಂಗೈಯೊಳಗಿಟ್ಟಳು.

"ದಿನಕ್ಕೆ ಐವತ್ತು ಸಲ," ಎಂದಳು. "ಎಣಿಸಿ."

ನಾನು ಎಣಿಸತೊಡಗಿದೆ. ಎಡಗಡೆ ಒಂದು ಬಸ್ಸು ನಮ್ಮನ್ನು ದಾಟಿಹೋಯಿತು, ಯಾರೂ ಹಾರ್ನು ಹೊಡೆಯಲಿಲ್ಲ. ಫ್ಲೈಓವರಿನ ನೆತ್ತಿ ಬಂದಾಗ ನನ್ನ ಲೆಕ್ಕ ಮೂವತ್ತೇಳಕ್ಕೆ ಬಂದಿತ್ತು, ಗೇರು ಮೂರರಲ್ಲೇ ಇತ್ತು.